ಹಳ್ಳದ ಕಾಮಗಾರಿಯಲ್ಲಿ ಕಪ್ಪೆಗಳಿಗೂ ನಾಡಮೀನುಗಳಿಗೂ ನೆಲೆ ಉಳಿಸುವುದು ಹೇಗೆ? ಟ್ರೌಟ್ ಮರಿ ಬಿಡುವ ಸಲಹೆ ಸರಿಯೇ?

ಮಲಪ್ರಭಾ ಮೇಲ್ದಂಡೆ (ಖಾನಾಪುರ ತಾಲ್ಲೂಕು) ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆಗೆ ಖಾನಾಪುರ ಮುಟ್ಟುವುದರೊಳಗೆ ಎರಡೂ ಬದಿಯಿಂದ ಹಳ್ಳಗಳು ಬಂದು ಕೂಡುತ್ತವೆ. ಅವುಗಳಲ್ಲೊಂದು ನಮ್ಮ ಊರಿನ ಗದ್ದೆಗಳ ಅಂಚಿನಲ್ಲಿ ಹರಿಯುತ್ತದೆ. ಮಳೆಗಾಲದಲ್ಲಿ ದಂಡೆ ಮೀರುವ ಈ ಹಳ್ಳ ಫೆಬ್ರವರಿಯ ಹೊತ್ತಿಗೆ ಬಿಡಿಬಿಡಿ ಮಡುಗಳಾಗಿ ನಿಲ್ಲುತ್ತದೆ. ಊರಿನ ಮೇಲ್ಭಾಗದಲ್ಲಿ ಸುಮಾರು ಎರಡು ಎಕರೆ ಜವುಳು ಇದೆ. ಅಲ್ಲಿ ಡಿಸೆಂಬರ್ ತನಕ ನೀರು ಒಸರುತ್ತಿರುತ್ತದೆ, ದನ ಇಳಿದರೆ ಕಾಲು ಹೂತುಹೋಗುತ್ತದೆ. ಹೀಗಾಗಿ ಅದು ಕೆಲಸಕ್ಕೆ ಬಾರದ ಜಾಗವೆಂದೇ ಎಲ್ಲರ ಎಣಿಕೆ. ಆದರೆ ಮೊದಲ ಮಳೆಯ ರಾತ್ರಿ ಕಪ್ಪೆಗಳ ಕೂಗು ಏಳುವುದು ಅಲ್ಲಿಂದಲೇ. ಹಳ್ಳದ ಮೇಲೆ ಬಾಗಿದ ಕೊಂಬೆಗಳಲ್ಲಿ ಜುಲೈ ತಿಂಗಳಿನಲ್ಲಿ ಬಿಳಿ ನೊರೆಯ ಗೂಡುಗಳು ತೂಗುವುದನ್ನೂ ಚಿಕ್ಕಂದಿನಿಂದ ನೋಡಿದ್ದೇನೆ.

ಮುಂದಿನ ವರ್ಷದ ಕ್ರಿಯಾ ಯೋಜನೆಯಲ್ಲಿ ಈ ಹಳ್ಳದ ಅಭಿವೃದ್ಧಿಯನ್ನು ಸೇರಿಸಲಾಗಿದೆ. ಅಂದಾಜು ಪಟ್ಟಿಯ ಪ್ರಕಾರ ಹಳ್ಳವನ್ನು ನೇರ ಮಾಡಿ ಆಳಗೊಳಿಸುವುದು, ಎರಡೂ ಬದಿಗೆ ಕಲ್ಲಿನ ತಡೆಗೋಡೆ ಕಟ್ಟುವುದು, ಕೆಳಗೆ ಒಂದು ಬಾಂದಾರ ಹಾಕುವುದು, ಜವುಳನ್ನು ಅಗೆದು ಕೆರೆ ಮಾಡಿ ಮೀನುಮರಿ ಬಿಡುವುದು ಎಂದಿದೆ. ಇದರ ಜೊತೆಗೆ, ಹತ್ತಿರದಲ್ಲಿ ಹೋಮ್‌ಸ್ಟೇ ನಡೆಸುವವರೊಬ್ಬರು ಟ್ರೌಟ್ ಮೀನಿನ ಮರಿಗಳನ್ನು ತರಿಸಿ ಮೇಲಿನ ತೊರೆಯಲ್ಲಿ ಬಿಟ್ಟರೆ ಪ್ರವಾಸಿಗರು ಬರುತ್ತಾರೆ, ಹೊರದೇಶಗಳಲ್ಲಿ ಕಪ್ಪೆ ಮತ್ತು ಟ್ರೌಟ್ ಎರಡನ್ನೂ ಒಂದೇ ತೊರೆಯಲ್ಲಿ ಕಾಪಾಡುತ್ತಾರೆ ಎಂದು ಹೇಳುತ್ತಿದ್ದಾರೆ. ಬೇಸಿಗೆಯಲ್ಲಿ ನಮಗೆ ನೀರಿನ ಕೊರತೆ ಇರುವುದು ನಿಜ, ಆದ್ದರಿಂದ ಕಾಮಗಾರಿಯೇ ಬೇಡವೆಂದು ನಾನು ಹೇಳಲಾರೆ. ಕಪ್ಪೆಗಳೂ ನಮ್ಮ ಹೊಳೆಯ ಮೀನುಗಳೂ ಉಳಿಯುವಂತೆ ಈ ಯೋಜನೆಯನ್ನು ಎಲ್ಲಿ ತಿದ್ದಬೇಕು, ಟ್ರೌಟ್ ವಿಷಯದಲ್ಲಿ ಏನು ಹೇಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು. ಗ್ರಾಮಸಭೆಯಲ್ಲಿ ಮಾತನಾಡಲು ನನಗೆ ಗಟ್ಟಿಯಾದ ಆಧಾರ ಬೇಕಾಗಿದೆ.

ಪ್ರಾಣಿಶಾಸ್ತ್ರ ಅಧ್ಯಾಪಕಿ (ಬೆಳಗಾವಿ) ಬರೆದ ಉತ್ತರ:

ನಮಸ್ಕಾರ ಸರ್. ಟ್ರೌಟ್ ಬಿಡುವುದು ಬೇಡ. ಈ ಒಂದು ಮಾತಿನಲ್ಲಿ ತಾವು ಸ್ವಲ್ಪವೂ ಸಡಿಲಬೇಕಾಗಿಲ್ಲ.

ಟ್ರೌಟ್ ಭಾರತದ ಮೀನಲ್ಲ. ಕಂದು ಟ್ರೌಟ್ ಮೂಲತಃ ಯುರೋಪು ಮತ್ತು ಪಶ್ಚಿಮ ಏಷ್ಯಾದ್ದು. ಮಳೆಬಿಲ್ಲು ಟ್ರೌಟ್ ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ನದಿಗಳದ್ದು ಮತ್ತು ರಷ್ಯಾದ ಕಮ್ಚಾಟ್ಕಾ ಕಡೆಯದು. ಕಾಶ್ಮೀರ, ಹಿಮಾಚಲ, ನೀಲಗಿರಿ, ಮುನ್ನಾರ್‌ಗಳಲ್ಲಿ ಇಂದು ಕಾಣುವ ಟ್ರೌಟ್ ಬ್ರಿಟಿಷರ ಕಾಲದಲ್ಲಿ ಗಾಳ ಹಾಕುವ ಹವ್ಯಾಸಕ್ಕಾಗಿ ತಂದು ಬಿಟ್ಟದ್ದು. ಈ ಮೀನಿಗೆ ತಣ್ಣನೆಯ, ಆಮ್ಲಜನಕ ತುಂಬಿದ ನೀರು ಬೇಕು. ನೀರಿನ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಸೊರಗುತ್ತದೆ, 25ರ ಆಸುಪಾಸಿನಲ್ಲಿ ಹೆಚ್ಚು ಹೊತ್ತು ಬದುಕಲಾರದು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಕಣಕುಂಬಿಯ ಸೀಮೆಯಲ್ಲಿ ಏಪ್ರಿಲ್ ತಿಂಗಳಿನ ಮಡುವಿನ ನೀರು ಅದಕ್ಕೆ ಒಗ್ಗುವುದಿಲ್ಲ. ಬೇಸಿಗೆಯಲ್ಲಿ ಹೇಗೂ ಸಾಯುವ ಮೀನಿನಿಂದ ಏನು ತೊಂದರೆ ಎಂದು ಯಾರಾದರೂ ಕೇಳಬಹುದು. ಸಾಯುವುದರೊಳಗೆ ಅದು ಒಂದು ಹಂಗಾಮಿನ ಗೊದಮೊಟ್ಟೆಗಳನ್ನು ತಿಂದು ಮುಗಿಸಬಲ್ಲದು, ಮತ್ತು ಮರಿಗಳ ಜೊತೆ ಬಂದ ನೀರಿನಲ್ಲಿ ರೋಗಾಣುಗಳೂ ಬರುತ್ತವೆ ಎಂಬುದೇ ಅದಕ್ಕೆ ಉತ್ತರ.

ಆ ಹೋಮ್‌ಸ್ಟೇಯವರು ಹೇಳಿದ್ದರಲ್ಲಿ ಒಂದು ಅರ್ಧ ಸತ್ಯವಿದೆ, ಅದನ್ನು ತಾವು ಸರಿಯಾಗಿ ಬಿಡಿಸಿ ಹೇಳಬೇಕು. ಅಮೆರಿಕದ ಒರೆಗಾನ್ ರಾಜ್ಯದ ಬ್ರಿಜ್ ಕ್ರೀಕ್ ಎಂಬ ತೊರೆಯಲ್ಲಿ ಸಮುದ್ರಕ್ಕೆ ಹೋಗಿ ಮರಳುವ ಮಳೆಬಿಲ್ಲು ಟ್ರೌಟನ್ನು ಉಳಿಸಲು ನಡೆದ ಕೆಲಸ ನಿಜಕ್ಕೂ ಅನುಕರಣೀಯವಾಗಿದೆ. ಅಲ್ಲಿ ಕೊರೆದು ಆಳಕ್ಕಿಳಿದಿದ್ದ ತೊರೆಗೆ ಅಡ್ಡಲಾಗಿ ಮರದ ಗೂಟಗಳನ್ನು ನೆಟ್ಟರು, ಅವುಗಳ ಆಸರೆಯಲ್ಲಿ ಬೀವರ್ ಪ್ರಾಣಿಗಳು ಒಡ್ಡು ಕಟ್ಟಿದವು, ನೀರು ದಂಡೆಯಾಚೆ ಹರಡಿ ಅಂತರ್ಜಲ ಏರಿತು, ಮರಿಮೀನುಗಳ ಸಂಖ್ಯೆ ಹೆಚ್ಚಿತು. ಇಂತಹ ಹರಡಿದ ನೀರಿನ ಅಂಚುಗಳಲ್ಲಿ ಕಪ್ಪೆಗಳಿಗೂ ಮೊಟ್ಟೆಯಿಡಲು ತಾವು ಸಿಗುತ್ತದೆ. ಆದರೆ ಆ ತೊರೆ ಆ ಮೀನಿನ ತವರು. ಅದೇ ಮಳೆಬಿಲ್ಲು ಟ್ರೌಟನ್ನು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಪರ್ವತದ ಎತ್ತರದ ಸರೋವರಗಳಿಗೆ, ಅಂದರೆ ಜಲಪಾತಗಳ ಅಡ್ಡಿಯಿಂದ ಮೀನೇ ಇಲ್ಲದಿದ್ದ ನೀರಿಗೆ, ಮೊದಲು ಹೇಸರಗತ್ತೆಗಳ ಮೇಲೆ, ಆಮೇಲೆ ವಿಮಾನಗಳಿಂದ ತಂದು ಸುರಿದರು. ಅಲ್ಲಿದ್ದ ಹಳದಿ ಕಾಲಿನ ಬೆಟ್ಟದ ಕಪ್ಪೆಯ ಗೊದಮೊಟ್ಟೆ ಕಪ್ಪೆಯಾಗಲು ಎರಡು ಮೂರು ವರ್ಷ ಬೇಕು. ಅಷ್ಟು ಕಾಲ ಬತ್ತದೆ, ತಳದವರೆಗೆ ಹೆಪ್ಪುಗಟ್ಟದೆ ಉಳಿಯುವ ಆಳದ ಸರೋವರಗಳನ್ನೇ ಟ್ರೌಟ್ ಆಕ್ರಮಿಸಿತು. ಕಪ್ಪೆಗಳು ಸರೋವರದಿಂದ ಸರೋವರಕ್ಕೆ ಕಣ್ಮರೆಯಾದವು. ಸಂಶೋಧಕರು ಕೆಲವು ಸರೋವರಗಳಿಂದ ಬಲೆ ಹಾಕಿ ಟ್ರೌಟನ್ನು ಪೂರ್ತಿ ತೆಗೆದಾಗ, ಹತ್ತಿರದಲ್ಲಿ ಕಪ್ಪೆ ಉಳಿದಿದ್ದ ಕಡೆಗಳಲ್ಲಿ ಕೆಲವೇ ವರ್ಷಗಳಲ್ಲಿ ಅವು ಮತ್ತೆ ತುಂಬಿಕೊಂಡವು.

ಪರದೇಶದ ಮೀನಿನ ವಿಷಯದಲ್ಲಿ ಮಾತ್ರ ಈ ಎಚ್ಚರಿಕೆ ಇದ್ದರೆ ಸಾಲದು. ಕೃಷ್ಣಾ ಕೊಳ್ಳದ ಮೇಲ್ಭಾಗದ ನದಿಗಳಿಗೆ ಸಹಜವಾದ ದಖ್ಖನಿನ ಮಹಶೀರನ್ನು ಲೋಣಾವಳದ ಮರಿ ಸಾಕಣೆ ಕೇಂದ್ರದಿಂದ ಕಾವೇರಿಗೆ ಒಯ್ದು ಬಿಟ್ಟದ್ದು ಸಂರಕ್ಷಣೆಯ ಉದ್ದೇಶದಿಂದಲೇ. ಆದರೆ ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಇಂದು ಅಳಿವಿನ ಅಂಚಿಗೆ ಬಂದಿರುವುದಕ್ಕೆ ಆ ಸ್ಥಳಾಂತರವೂ ಒಂದು ಕಾರಣವೆಂದು ಸಂಶೋಧಕರು ತೋರಿಸಿದ್ದಾರೆ. ನಾವು ಸಾಮಾನ್ಯವಾಗಿ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಮೂರೂ ಗಂಗಾ ಬಯಲಿನ ಮೀನುಗಳು, ಕೃಷ್ಣೆಯ ಮಕ್ಕಳಲ್ಲ. ಊರ ಕೆಳಗಿನ ದೊಡ್ಡ ಕೆರೆಯಲ್ಲಿ ಅವನ್ನು ಸಾಕುವುದು ಬೇರೆ ಮಾತು. ಹಳ್ಳದ ತಲೆಯಲ್ಲಿರುವ ಜವುಳಿಗೆ ಯಾವ ಮೀನನ್ನೂ ಬಿಡಬಾರದು.

ಜವುಳನ್ನು ಉಳಿಸಿಕೊಳ್ಳುವುದಕ್ಕೆ ಇನ್ನೂ ಒಂದು ಕಾರಣವಿದೆ. ತಾವು ಇರುವುದು ಪಶ್ಚಿಮ ಘಟ್ಟದ ಅಂಚಿನಲ್ಲಿ. ಭೀಮಗಡ ವನ್ಯಧಾಮ ತಮ್ಮ ತಾಲ್ಲೂಕಿನಲ್ಲೇ ಇದೆ. ಚೋರ್ಲಾ ಸೀಮೆಯಿಂದ, ಮಹದಾಯಿಯ ಹೆಸರನ್ನೇ ಹೊತ್ತ ಗೆಗನಿಯೋಫಿಸ್ ಮಹದೇಯಿಯೆನ್ಸಿಸ್ ಎಂಬ ಕಾಲಿಲ್ಲದ ಉಭಯಜೀವಿಯನ್ನು 2007ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಲಾಯಿತು. ನೋಡಿದವರು ಇದನ್ನು ಎರೆಹುಳವೆಂದೋ ಹಾವಿನ ಮರಿಯೆಂದೋ ತಿಳಿದು ಗುದ್ದಲಿಯಿಂದ ಕತ್ತರಿಸಿಬಿಡುತ್ತಾರೆ. ಈ ಜೀವಿಗಳು ಬದುಕುವುದು ತೇವ ಹಿಡಿದ ಸಡಿಲ ಮಣ್ಣಿನಲ್ಲಿ. ತಮ್ಮ ಜವುಳಿನ ಅಂಚಿನಲ್ಲಿ ಇಂತಹವು ಇರಬಹುದಾದ್ದರಿಂದ, ಅಲ್ಲಿ ಜೆಸಿಬಿ ಇಳಿಯುವ ಮೊದಲೇ ಯಾರಾದರೂ ಬಲ್ಲವರು ಬಂದು ನೋಡಬೇಕು.

ಮಾರ್ಕಂಡೇಯ ದಂಡೆ (ಬೆಳಗಾವಿ, ನಿವೃತ್ತ ಎಂಜಿನಿಯರ್) ಬರೆದ ಉತ್ತರ:

ಮೇಡಂ ಅವರ ಮಾತನ್ನು ಒಪ್ಪುತ್ತಲೇ, ಕಾಮಗಾರಿಯ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ. ಬಾಂದಾರವನ್ನು ಪೂರ್ತಿ ಬಿಡಬೇಕೆಂದು ನನಗೆ ಅನ್ನಿಸುವುದಿಲ್ಲ. ಬೇಸಿಗೆಯಲ್ಲಿ ಕುಡಿಯುವ ನೀರಿನ ಬಾವಿಗಳಿಗೆ ಒರತೆ ಬೇಕು. ಆದರೆ ಯಾವ ಮಾದರಿಯ ಬಾಂದಾರ ಎಂಬುದರ ಮೇಲೆ ಮೀನಿನ ಬದುಕು ನಿಂತಿದೆ. ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಗೊತ್ತಿರುವ ಕೊಲ್ಹಾಪುರ ಮಾದರಿಯ ಬಾಂದಾರದಲ್ಲಿ ಕಂಬಗಳ ನಡುವೆ ಹಲಗೆಗಳಿರುತ್ತವೆ; ಮುಂಗಾರಿಗೆ ಮೊದಲು ಅವನ್ನು ತೆಗೆದು, ಪ್ರವಾಹ ಇಳಿದ ಮೇಲೆ ಮತ್ತೆ ಕೂಡಿಸುತ್ತಾರೆ. ಮೊದಲ ಮಳೆಯ ಕೆಂಪು ನೀರಿಗೆ ಎದುರಾಗಿ ಮೊಟ್ಟೆಯಿಡಲು ಮೇಲೇರುವ ಮೀನುಗಳಿಗೆ ಆಗ ದಾರಿ ತೆರೆದಿರುತ್ತದೆ, ಹೂಳೂ ಕೊಚ್ಚಿಹೋಗುತ್ತದೆ. ಇದಕ್ಕೆ ಬದಲಾಗಿ ಅಡ್ಡಕ್ಕೆ ಒಂದೇ ಸಮನೆ ಕಾಂಕ್ರೀಟ್ ಗೋಡೆ ಹಾಕಿದರೆ, ಎರಡಾಳು ಎತ್ತರದ ಗೋಡೆಯನ್ನು ನಮ್ಮ ಹೊಳೆಯ ಯಾವ ಗೆಂಡೆಯೂ ಹಾರಲಾರದು. ಹಲಗೆ ತೆಗೆಯುವ ಹೊಣೆ ಯಾರದು, ಯಾವ ತಾರೀಖಿನೊಳಗೆ ಎಂಬುದನ್ನು ಗ್ರಾಮಸಭೆಯ ಠರಾವಿನಲ್ಲೇ ಬರೆಸಿರಿ. ಕಟ್ಟಿದ ಮೇಲೆ ಈ ಕೆಲಸ ಯಾರದೂ ಆಗದೆ, ಹಲಗೆಗಳು ವರ್ಷವಿಡೀ ಅಲ್ಲೇ ಉಳಿದು ಹೂಳು ತುಂಬಿದ ಬಾಂದಾರಗಳು ಎಷ್ಟೋ ಇವೆ.

ಹಳ್ಳವನ್ನು ನೇರ ಮಾಡುವ ಕೆಲಸವನ್ನು ಮಾತ್ರ ಅಂದಾಜು ಪಟ್ಟಿಯಿಂದ ತೆಗೆಸಲೇಬೇಕು. ಹಳ್ಳ ಬಳಸಿ ಹರಿಯುವ ಕಡೆ ಹೊರದಂಡೆಯಲ್ಲಿ ಮಡು, ಒಳದಂಡೆಯಲ್ಲಿ ಮರಳಿನ ಇಳಿಜಾರು ಆಗುತ್ತದೆ. ಬೇಸಿಗೆಯಲ್ಲಿ ಮೀನು ಉಳಿಯುವುದು ಆ ಮಡುವಿನಲ್ಲಿ, ಗೊದಮೊಟ್ಟೆ ಬೆಳೆಯುವುದು ಆ ತೆಳು ನೀರಿನಲ್ಲಿ. ನೇರ ಮಾಡಿದರೆ ಎರಡೂ ಹೋಗಿ ನೀರಿನ ಓಟ ಹೆಚ್ಚುತ್ತದೆ, ಕೆಳಗಿನ ಊರಿನ ದಂಡೆ ಕುಸಿಯುತ್ತದೆ. ತಡೆಗೋಡೆಯ ವಿಷಯವೂ ಹೀಗೆಯೇ. ಎರಡೂ ಬದಿಗೆ ಉದ್ದಕ್ಕೂ ನಿಲುವು ಗೋಡೆ ಕಟ್ಟಿದರೆ ಆಗಷ್ಟೇ ಬಾಲ ಕರಗಿದ ಮರಿಗಪ್ಪೆ ನೀರಿನಿಂದ ಮೇಲೆ ಬರಲಾಗದೆ ಸಾಯುತ್ತದೆ. ಗದ್ದೆಗೆ ಕೊರೆತದ ಭಯ ನಿಜವಾಗಿ ಇರುವ ಹೊರತಿರುವುಗಳಲ್ಲಿ ಮಾತ್ರ, ಸಿಮೆಂಟ್ ತುಂಬದ ಒಣಗಲ್ಲಿನ ಪಿಚಿಂಗನ್ನು (ದಂಡೆಗೆ ಹೊದಿಸುವ ಕಲ್ಲುಹಾಸನ್ನು) ಐದು ಅಡಿಗೆ ಒಂದು ಅಡಿ ಇಳಿಯುವಂತಹ ಓರೆಯಲ್ಲಿ ಹಾಕಿರಿ. ಉಳಿದ ಕಡೆ ಹೊಂಗೆ, ನೇರಳೆ, ಅತ್ತಿ, ಲಕ್ಕಿ, ಬಿದಿರುಗಳ ಬೇರು ಆ ಕೆಲಸವನ್ನು ಮಾಡುತ್ತದೆ. ನೊರೆಗೂಡು ತೂಗುವ ಕೊಂಬೆಗಳೂ ಇವೇ ಮರಗಳದ್ದಲ್ಲವೇ? ಅವು ಹಾರುಗಪ್ಪೆಯ ಗೂಡುಗಳು. ಮೊಟ್ಟೆಯೊಡೆದ ಮರಿಗಳು ನೇರ ಕೆಳಗಿನ ನೀರಿಗೆ ಬೀಳಬೇಕು. ಕೊಂಬೆ ಕಡಿದರೆ ಕೆಳಗೆ ಎಷ್ಟು ಒಳ್ಳೆಯ ನೀರಿದ್ದರೂ ಪ್ರಯೋಜನವಿಲ್ಲ.

ಹೂಳು ತೆಗೆಯುವುದಾದರೆ ಒಂದೇ ವರ್ಷ ಎಲ್ಲವನ್ನೂ ಬಳಿಯಬೇಡಿರಿ. ಒಂದು ಮಡು ಬಿಟ್ಟು ಒಂದು ಮಡುವಿನಂತೆ, ದಂಡೆಯ ಮಣ್ಣನ್ನು ಮುಟ್ಟದೆ, ತಳದ್ದನ್ನು ಮಾತ್ರ ತೆಗೆಯಿರಿ. ಬಿಟ್ಟ ಮಡುಗಳಿಂದ ಮುಂದಿನ ಮಳೆಗೆ ಜೀವ ಮತ್ತೆ ಹರಡುತ್ತದೆ. ಬೇರೆ ಕೆರೆಯಲ್ಲಿ ಕೆಲಸ ಮಾಡಿ ಬಂದ ಯಂತ್ರದ ಬಕೆಟ್ಟನ್ನು ತೊಳೆದು ಬಿಸಿಲಿಗೆ ಒಣಗಿಸದೆ ಇಳಿಸಬಾರದು, ಏಕೆಂದರೆ ಅಂತರಗಂಗೆಯ ತುಂಡುಗಳು ಊರಿಂದೂರಿಗೆ ದಾಟುವುದು ಹೀಗೆ.

ಡೋಣಿ ಸೀಮೆ (ವಿಜಯಪುರ) ಬರೆದ ಉತ್ತರ:

ಬಯಲುಸೀಮೆಯವನಾದ ನಾನು ಇಲ್ಲಿ ಬರೆಯುತ್ತಿರುವುದಕ್ಕೆ ಕಾರಣವೆಂದರೆ, ತಮ್ಮ ಜವುಳನ್ನು ಅಗೆದು ಕೆರೆ ಮಾಡುವ ಮಾತು. ಹೆಚ್ಚು ನೀರು ನಿಂತರೆ ಕಪ್ಪೆಗಳಿಗೆ ಒಳ್ಳೆಯದಾಗುತ್ತದೆ ಎಂದು ಅನೇಕರು ನಂಬಿದ್ದಾರೆ, ಅದು ಹಾಗಲ್ಲ.

ನಮ್ಮ ಕಡೆಯ ಕಪ್ಪೆಗಳಲ್ಲಿ ಹೆಚ್ಚಿನವು ಬತ್ತುವ ನೀರಿಗೆ ಹೊಂದಿಕೊಂಡವು. ಬಿಲ ತೋಡುವ ಕಪ್ಪೆಗಳು, ಉಬ್ಬಿದ ಮೈಯ ಪುಟ್ಟ ಗುಂಡು ಕಪ್ಪೆಗಳು ಬೇಸಿಗೆಯಿಡೀ ನೆಲದೊಳಗೆ ಅಡಗಿದ್ದು, ಮುಂಗಾರಿನ ಮೊದಲ ದೊಡ್ಡ ಮಳೆಗೆ ಮೇಲೆದ್ದು, ಒಂದೆರಡು ರಾತ್ರಿಗಳಲ್ಲೇ ಜೋಡಿಯಾಗಿ ಮೊಟ್ಟೆಯಿಡುತ್ತವೆ. ಅವುಗಳ ಗೊದಮೊಟ್ಟೆಗಳು ಕೆಲವೇ ವಾರಗಳಲ್ಲಿ ಕಪ್ಪೆಗಳಾಗಿ ಹೊರಬೀಳುತ್ತವೆ, ಹೊಂಡ ಬತ್ತುವುದರೊಳಗೆ ಹೊರಬೀಳಲೇಬೇಕು. ಹೊಂಡ ಪ್ರತಿ ವರ್ಷ ಬತ್ತುವುದರಿಂದಲೇ ಅಲ್ಲಿ ಮೀನು ನೆಲೆಸುವುದಿಲ್ಲ, ಮೀನು ಇಲ್ಲದಿರುವುದರಿಂದಲೇ ಗೊದಮೊಟ್ಟೆ ಬದುಕುತ್ತದೆ. ಕೃಷ್ಣೆಯ ನೀರನ್ನು ಎತ್ತಿ ತಂದು ನಮ್ಮ ಜಿಲ್ಲೆಯ ಕೆರೆಗಳನ್ನು ತುಂಬಿಸುವ ಯೋಜನೆಗಳಿಂದ ಜನರಿಗೂ ದನಗಳಿಗೂ ಆದ ಉಪಕಾರ ದೊಡ್ಡದು, ಅದರ ಬಗ್ಗೆ ನನ್ನ ತಕರಾರು ಇಲ್ಲ. ಆದರೆ ವರ್ಷವಿಡೀ ನೀರು ನಿಂತ ಕೆರೆಗೆ ಜಿಲೇಬಿ ಮೀನು ಬರುತ್ತದೆ, ನಿಷೇಧವಿದ್ದರೂ ಯಾರೋ ಬಿಟ್ಟ ಆಫ್ರಿಕದ ಕ್ಯಾಟ್‌ಫಿಶ್ ಸೇರಿಕೊಳ್ಳುತ್ತದೆ; ಆಮೇಲೆ ಅಂಚಿನಲ್ಲಿ ಜಿಗಿಯುವ ನೀರುಗಪ್ಪೆಯೊಂದು ಉಳಿದರೂ, ಮಳೆಗೆ ಏಳುವ ಕಪ್ಪೆಗಳಿಗೆ ಅದು ಮೊಟ್ಟೆಯಿಡುವ ಜಾಗವಾಗಿ ಉಳಿಯುವುದಿಲ್ಲ. ಅವಕ್ಕೆ ಬೇಕಾದದ್ದು ಕೆರೆಯ ಪಕ್ಕದ ತಗ್ಗುಗಳು, ಹಳೆಯ ಮಣ್ಣುಗುಂಡಿಗಳು, ಹೊಲದ ಮೂಲೆಯಲ್ಲಿ ನಿಲ್ಲುವ ಮಳೆನೀರು. ಕೆರೆ ಅಭಿವೃದ್ಧಿಯ ಹೆಸರಿನಲ್ಲಿ ಮೊದಲು ಮಟ್ಟ ಮಾಡಿಬಿಡುವುದು ಇವುಗಳನ್ನೇ.

ಆದ್ದರಿಂದ ತಮ್ಮ ಜವುಳು ಡಿಸೆಂಬರಿಗೆ ಬತ್ತುತ್ತದೆ ಎಂಬುದು ಅದರ ದೋಷವಲ್ಲ. ಅದನ್ನು ಆಳ ಮಾಡಿದರೆ ಮೀನಿನ ಕೆರೆಯೊಂದು ಹೆಚ್ಚಾಗುತ್ತದೆ, ಕಪ್ಪೆಯ ತಾವೊಂದು ಕಡಿಮೆಯಾಗುತ್ತದೆ, ಒಸರು ನಿಂತು ಹಳ್ಳವೂ ಈಗಿಗಿಂತ ಬೇಗ ಬತ್ತಬಹುದು. ಕೆರೆ ಬೇಕೇ ಬೇಕು ಎಂದಾದರೆ ಬೇರೆ ಗಡಸು ನೆಲದಲ್ಲಿ ತೋಡಿಸಿರಿ.

ಇನ್ನೊಂದು ಮಾತು. ಕೃಷಿ ಹೊಂಡಗಳಿಗೆ ಹಾಸುವ ಪ್ಲಾಸ್ಟಿಕ್ ಹಾಳೆಯ ಜಾರುವ ಬದಿಗಳನ್ನು ಕಪ್ಪೆಗಳು ಹತ್ತಲಾರವು; ಈಜಿ ಈಜಿ ದಣಿದು ಸಾಯುತ್ತವೆ. ಪ್ರತಿ ಮೂಲೆಯಲ್ಲಿ ಒಂದು ಹಳೆಯ ಗೋಣಿತಟ್ಟನ್ನೋ ದಪ್ಪ ಹಗ್ಗವನ್ನೋ ದಂಡೆಗೆ ಕಟ್ಟಿ ನೀರಿಗೆ ಇಳಿಬಿಟ್ಟರೆ ಅವು ಹತ್ತಿ ಹೊರಬರುತ್ತವೆ. ಖರ್ಚಿಲ್ಲದ ಕೆಲಸ, ಇವತ್ತೇ ಮಾಡಬಹುದು.

ಮಲಪ್ರಭಾ ಮೇಲ್ದಂಡೆ ಮತ್ತೆ ಕೇಳಿದ ಪ್ರಶ್ನೆ:

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಜವುಳನ್ನು ಅಗೆಯುವುದು ಬೇಡವೆಂದರೆ ಸಭೆಯಲ್ಲಿ ಮೊದಲು ಏಳುವ ಆಕ್ಷೇಪ ಸೊಳ್ಳೆಯದು. ಸೊಳ್ಳೆಗೆ ಗ್ಯಾಂಬೂಸಿಯಾ ಮೀನನ್ನಾದರೂ ಬಿಡಿ ಎಂದು ಕೆಲವರು ಹೇಳುತ್ತಾರೆ. ಮಳೆ ಶುರುವಾದ ರಾತ್ರಿಗಳಲ್ಲಿ ಹೊರಗಿನವರು ಬ್ಯಾಟರಿ ಹಿಡಿದು ಬಂದು ದೊಡ್ಡ ಹಳದಿ ಕಪ್ಪೆಗಳನ್ನು ಚೀಲಗಟ್ಟಲೆ ಹಿಡಿದು ಘಟ್ಟದ ಕೆಳಗೆ ಸಾಗಿಸುವುದೂ ಇದೆ. ಈ ಎರಡಕ್ಕೂ, ಜವುಳನ್ನು ದಾಖಲೆಯಲ್ಲಿ ಉಳಿಸಿಕೊಳ್ಳುವುದಕ್ಕೂ ದಾರಿ ಏನು?

ಪ್ರಾಣಿಶಾಸ್ತ್ರ ಅಧ್ಯಾಪಕಿ (ಬೆಳಗಾವಿ) ಬರೆದ ಉತ್ತರ:

ಸರ್, ಗ್ಯಾಂಬೂಸಿಯಾ ಕೂಡ ಅಮೆರಿಕದ ಮೀನೇ. ಅದು ಸೊಳ್ಳೆಮರಿಯ ಜೊತೆಗೆ ಕಪ್ಪೆಯ ಮೊಟ್ಟೆಯನ್ನೂ ಎಳೆಯ ಗೊದಮೊಟ್ಟೆಯನ್ನೂ ಕಚ್ಚಿ ತಿನ್ನುತ್ತದೆ. ಮನೆಯ ಸುತ್ತಲಿನ ಸಿಮೆಂಟ್ ತೊಟ್ಟಿಗಳಲ್ಲಿ ಆರೋಗ್ಯ ಇಲಾಖೆಯವರು ಬಿಡುವುದನ್ನು ನಾನು ವಿರೋಧಿಸುವುದಿಲ್ಲ, ಆದರೆ ಹಳ್ಳಕ್ಕೆ ಸಂಪರ್ಕವಿರುವ ಯಾವ ನೀರಿಗೂ ಅದು ಹೋಗಬಾರದು. ಡೆಂಗಿ ಹರಡುವ ಸೊಳ್ಳೆ ಮರಿ ಮಾಡುವುದು ಮುಖ್ಯವಾಗಿ ಮನೆಯ ಡ್ರಮ್ಮು, ಟೈರು, ತೆಂಗಿನ ಚಿಪ್ಪುಗಳ ತಿಳಿನೀರಿನಲ್ಲಿ ಎಂಬುದನ್ನು ಆಶಾ ಕಾರ್ಯಕರ್ತೆಯವರಿಂದಲೇ ಸಭೆಯಲ್ಲಿ ಹೇಳಿಸಿರಿ. ಅವರ ಮಾತಿಗೆ ಊರಿನಲ್ಲಿ ತೂಕವಿದೆ. ಜವುಳಿನಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನುವ ಕೊಡತಿಹುಳಗಳ ಮರಿಗಳೂ ನೀರುಜೀರುಂಡೆಗಳೂ ಇದ್ದೇ ಇರುತ್ತವೆ.

ಆ ದೊಡ್ಡ ಹಳದಿ ಕಪ್ಪೆ ಗೂಳಿಗಪ್ಪೆ. ಉಳಿದ ಕಾಲದಲ್ಲಿ ಅದರ ಮೈ ಹಸಿರು ಮಿಶ್ರಿತ ಕಂದು; ಮೊದಲ ಮಳೆಗೆ ಗಂಡುಗಳು ಹೊಳೆಯುವ ಹಳದಿಗೆ ತಿರುಗಿ, ಕೆನ್ನೆಯ ಎರಡು ನೀಲಿ ಚೀಲಗಳನ್ನು ಉಬ್ಬಿಸಿ ಕೂಗುತ್ತವೆ. ಹಿಡಿಯುವವರು ಬರುವುದೂ ಆ ಕೂಗಿನ ಗುರುತಿನಿಂದ, ಅಂದರೆ ಮೊಟ್ಟೆಯಿಡುವುದಕ್ಕೆ ಸ್ವಲ್ಪ ಮೊದಲು. ಆದ್ದರಿಂದ ಒಂದು ಚೀಲದ ಜೊತೆ ಮುಂದಿನ ಪೀಳಿಗೆಯೂ ಹೋಗುತ್ತದೆ. ಕಪ್ಪೆಯ ಕಾಲುಗಳ ರಫ್ತನ್ನು ಭಾರತ 1987ರಲ್ಲೇ ನಿಲ್ಲಿಸಿತು. ಹೊಲದ ಕೀಟಗಳನ್ನು ತಿನ್ನುವ ಕಪ್ಪೆಗಳು ಕಡಿಮೆಯಾಗುತ್ತಿವೆ ಎಂಬ ಆತಂಕ ಆ ನಿರ್ಧಾರದ ಹಿಂದಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಅಡಿಯಲ್ಲಿ ಅದನ್ನು ಹಿಡಿಯುವುದೂ ಸಾಗಿಸುವುದೂ ಅಪರಾಧ. ಊರವರೇ ಎದುರಿಗೆ ನಿಂತು ಜಗಳಕ್ಕಿಳಿಯಬೇಡಿರಿ. ಮುಂಗಾರಿಗೆ ಮೊದಲೇ ವಲಯ ಅರಣ್ಯಾಧಿಕಾರಿಗಳಿಗೆ ಲಿಖಿತ ಮನವಿ ಕೊಟ್ಟು, ಆ ಎರಡು ಮೂರು ವಾರ ರಾತ್ರಿ ಗಸ್ತು ಕೇಳಿರಿ.

ದಾಖಲೆಯ ವಿಷಯ ಹೀಗಿದೆ. ದೇಶದ ಜೌಗು ಪ್ರದೇಶಗಳ ಅಟ್ಲಾಸಿನಲ್ಲಿ 2.25 ಹೆಕ್ಟೇರಿಗಿಂತ ಚಿಕ್ಕವಾದವು ಬರೀ ಚುಕ್ಕೆಗಳಾಗಿವೆ. ತಮ್ಮ ಎರಡು ಎಕರೆ ಅಂದರೆ ಒಂದು ಹೆಕ್ಟೇರೂ ಆಗುವುದಿಲ್ಲ. ಹೀಗಾಗಿ ಮೇಲಿನಿಂದ ರಕ್ಷಣೆ ತಾನಾಗಿ ಇಳಿದು ಬರುತ್ತದೆಂದು ಕಾಯುವಂತಿಲ್ಲ. ಆದರೆ ಜೀವವೈವಿಧ್ಯ ಕಾಯ್ದೆ, 2002ರ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿಯನ್ನು ಬರೆದಿಡಬೇಕು. ತಮ್ಮ ಜವುಳಿನ ಸರ್ವೆ ನಂಬರು, ನೀರು ಒಸರುವ ತಿಂಗಳುಗಳು, ಅಲ್ಲಿ ಕೂಗುವ ಕಪ್ಪೆಗಳು, ಹಳ್ಳದಲ್ಲಿ ಮೇ ತಿಂಗಳಿನಲ್ಲೂ ಬತ್ತದ ಮಡುಗಳ ಹೆಸರು, ಹಿರಿಯರು ಹೇಳುವ ಮೀನುಗಳ ಹೆಸರು, ಇವೆಲ್ಲವೂ ಅದರಲ್ಲಿ ಸೇರಲಿ. ಕಪ್ಪೆಗಳ ಹೆಸರು ಗೊತ್ತಿಲ್ಲದಿದ್ದರೆ ಮೊಬೈಲಿನಲ್ಲಿ ಕೂಗನ್ನು ಮುದ್ರಿಸಿಕೊಂಡು, ಮೈಯ ಫೋಟೋ ತೆಗೆದು ಇಲ್ಲಿ ಹಾಕಿರಿ. ಗುರುತಿಸುವ ಕೆಲಸ ನನ್ನದು. ಕೈಯಲ್ಲಿ ಹಿಡಿಯುವ ಅಗತ್ಯವಿಲ್ಲ. ಒಂದು ನೀರಿನಲ್ಲಿ ಓಡಾಡಿದ ಬೂಟನ್ನು ಒಣಗಿಸದೆ ಇನ್ನೊಂದಕ್ಕೆ ಇಳಿಯಬೇಡಿರಿ, ಏಕೆಂದರೆ ಜಗತ್ತಿನ ಅನೇಕ ಕಡೆ ಕಪ್ಪೆಗಳನ್ನು ಅಳಿಸಿದ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಕಂಡುಬಂದಿದೆ.

ಮಡುಗಳಿಗಾಗಿ ಒಂದು ಠರಾವು ಪ್ರತ್ಯೇಕವಾಗಿ ಆಗಬೇಕು: ಮಾರ್ಚ್‌ನಿಂದ ಮಳೆ ಬರುವ ತನಕ ಗುರುತಿಸಿದ ಮಡುಗಳಿಗೆ ಪಂಪ್ ಇಳಿಸಬಾರದು, ಬ್ಲೀಚಿಂಗ್ ಪುಡಿ ಹಾಕಿ ಮೀನು ಹಿಡಿಯಬಾರದು. ದಕ್ಷಿಣ ಕನ್ನಡದ ಶಿಶಿಲದಲ್ಲಿ ದೇವಸ್ಥಾನದ ಮಡುವಿನ ಮಹಶೀರುಗಳನ್ನು ಜನ ದೇವರ ಮೀನೆಂದು ತಲೆಮಾರುಗಳಿಂದ ಕಾಯ್ದಿದ್ದರು. 1996ರಲ್ಲಿ ಯಾರೋ ಹಾಕಿದ ವಿಷಕ್ಕೆ ಅವು ಸಾವಿರಗಟ್ಟಲೆ ಸತ್ತವು. ಆಮೇಲೆ ಊರವರೇ ಕಾವಲು ಬಿಗಿಗೊಳಿಸಿ ಅಲ್ಲಿ ಮೀನು ಮತ್ತೆ ತುಂಬುವಂತೆ ನೋಡಿಕೊಂಡರು. ತಮ್ಮ ಹಳ್ಳದಲ್ಲಿ ಯಾವುದಾದರೂ ಮಡುವಿನ ದಂಡೆಯಲ್ಲಿ ಗುಡಿಯೋ ಕಟ್ಟೆಯೋ ಇದ್ದರೆ ಅಲ್ಲಿಂದಲೇ ಶುರು ಮಾಡಿರಿ.

ಅಂದಾಜು ಪಟ್ಟಿಯ ಪ್ರತಿಯನ್ನು ಪಿಡಿಒ ಅವರಿಂದ ಪಡೆದು ಇಲ್ಲಿ ಹಾಕಿದರೆ, ಯಾವ ಬಾಬತ್ತನ್ನು ತೆಗೆಯಬೇಕು, ಆ ಮೊತ್ತವನ್ನು ಯಾವುದಕ್ಕೆ ತಿರುಗಿಸಬಹುದು ಎಂದು ಮಾರ್ಕಂಡೇಯ ದಂಡೆ ಸರ್ ಅವರೂ ನಾನೂ ಸಭೆಯ ಮೊದಲೇ ಕುಳಿತು ಬರೆದುಕೊಡುತ್ತೇವೆ.